ಹಂಡೆಯಲ್ಲಿ ಬೆಂದ ಜೆಟ್ಟುಗಳು

ನಾನು ಆಣೆ ಮಾಡಿದ್ದು ಒಂದು ಶನಿವಾರ ಬೆಳಿಗ್ಗೆ, ರೊಟ್ಟಿ ತಟ್ಟುತ್ತಾ. "ನಾಳೆ ಸಂಜೆಯೊಳಗೆ ಆ ಹನ್ನೆರಡು ಮಂದಿಯನ್ನು ಈ ಮನೆಯಿಂದ ಓಡಿಸುತ್ತೇನೆ. ಓಡಿಸದಿದ್ದರೆ ನನ್ನ ಹೆಸರು ಮೈಲಮ್ಮನೇ ಅಲ್ಲ!" ಕೇಳಿಸಿಕೊಂಡದ್ದು ರೊಟ್ಟಿ ಹಂಚು ಒಂದೇ. ಆದರೂ ಆಣೆ ಆಣೆಯೇ.

ಹನ್ನೆರಡು ಮಂದಿ ಅಂದರೆ ನೆಂಟರಲ್ಲ. ವಿಮಾನಗಳು. ಯುದ್ಧದ ಜೆಟ್ ವಿಮಾನಗಳು! ಒಂದೊಂದೂ ನನ್ನ ಅಂಗೈಯಷ್ಟು ಉದ್ದ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಇದ್ದದ್ದು ನಾನು, ನಮ್ಮನೆಯವರು, ನಡುವೆ ಹನ್ನೆರಡು ಸವತಿಯರು.

ನಮ್ಮನೆಯವರ ಹೆಸರು ನಾನು ಹೇಳುವುದಿಲ್ಲ. ಮುಂದೆ ಮುನಾಫಣ್ಣ ಹೇಳುತ್ತಾರೆ, ಕಾಯಿರಿ. ಅವರು ದಾವಣಗೆರೆಯ ಹತ್ತಿ ಗಿರಣಿಯಲ್ಲಿ ನೂಲುವ ಖಾತೆಯಲ್ಲಿದ್ದರು. ಅಲ್ಲಿ ನೂಲು ಸುತ್ತುವ ಮರದ ಬಾಬಿನ್ ಸೀಳು ಬಿಟ್ಟರೆ ಆಳುಗಳು ಕೇಳಿ ಮನೆಗೆ ತರುತ್ತಿದ್ದರು. ಎಲ್ಲರ ಮನೆಯಲ್ಲೂ ಅದು ಒಲೆಗೆ ಹೋಗಿ ನೀರು ಕಾಯಿಸುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಆಕಾಶಕ್ಕೆ ಹಾರಿತು!

ಅರವತ್ತೈದರಲ್ಲಿ ಯುದ್ಧವಾಯಿತಲ್ಲ, ಪೇಪರಿನ ತುಂಬಾ ವಿಮಾನದ ಚಿತ್ರ. ಊರವರು ಓದಿ ಆ ಪೇಪರಿನಲ್ಲಿ ಮಂಡಕ್ಕಿ ಕಟ್ಟಿದರು. ನಮ್ಮನೆಯವರು ಕತ್ತರಿಸಿ ಗೋಡೆಗೆ ಅಂಟಿಸಿದರು. ಒಂದು ದಿನ ಬಾಬಿನ್ ಕೈಯಲ್ಲಿ ಹಿಡಿದು ಅದರ ತೂತಿನಲ್ಲಿ ಇಣುಕಿ ನೋಡುತ್ತಾ ಕೂತರು. ಮುಖದಲ್ಲಿ ದೇವರು ಕಂಡ ಕಳೆ!

"ನೋಡಲೇ ಮೈಲವ್ವ, ಜೆಟ್ಟಿಗೂ ಹಿಂಗೇ ತೂತು. ಮುಂದಿನಿಂದ ಗಾಳಿ ನುಂಗ್ತೈತೆ, ಹಿಂದಿನಿಂದ ಬೆಂಕಿ ಬಿಡ್ತೈತೆ."

"ನಿಮ್ಮವ್ವನೂ ಹಂಗೇ ಇದ್ರು. ಬೆಂಕಿ ಮಾತ್ರ ಮುಂದಿನಿಂದ ಬಿಡ್ತಿದ್ರು" ಅಂದೆ.

ಕೇಳಿಸಲಿಲ್ಲ. ಆಗಲೇ ಹಾರಿಹೋಗಿದ್ದರು.

ಬಾಬಿನ್ ಅರ್ಧಕ್ಕೆ ಕೊಯ್ದು, ಮೂಗು ತೀಡಿ, ಚಹಾಪೆಟ್ಟಿಗೆಯ ತೆಳು ಹಲಗೆಯಲ್ಲಿ ರೆಕ್ಕೆ ಮಾಡಿ, ಬಡಿಗೇರ ಅಂಟಿನಲ್ಲಿ ಕೂರಿಸುತ್ತಿದ್ದರು. ಆಮೇಲೆ ಬೆಳ್ಳಿ ಬಣ್ಣ. ನನ್ನ ಕಾಲುಂಗುರ ಸವೆದು ದಾರವಾಗಿತ್ತು. ಅವಕ್ಕೆ ಮೈತುಂಬಾ ಬೆಳ್ಳಿ! ಬಣ್ಣ ಒಣಗಲಿ ಅಂತ ಫೂ ಫೂ ಅಂತ ಊದುತ್ತಿದ್ದರು, ಕಾಯಿಲೆ ಮಗುವಿನ ಹಣೆಗೆ ಊದುವ ಹಾಗೆ. ನನ್ನ ಕಣ್ಣಿಗೆ ಒಲೆಯ ಹೊಗೆ ಹೋದಾಗ ಊದಿರಿ ಅಂದರೆ "ನೀರು ಹಾಕ್ಕೋ" ಅಂತಿದ್ದರು.

ಇನ್ನು ಟಿಫಿನ್ ಕ್ಯಾರಿಯರ್. ಇವರ ಬುತ್ತಿಯ ರೊಟ್ಟಿಗೆ ಹಳೇ ಪಂಚೆಯ ತುಂಡು. ವಿಮಾನಗಳಿಗೆ ಮೂರು ಅಂತಸ್ತಿನ ಹೊಸ ಹಿತ್ತಾಳೆ ಕ್ಯಾರಿಯರ್! ಅದನ್ನು ಹಿಡಿದು ಪ್ರತಿ ಭಾನುವಾರ ಬೆಳಗಿನ ರೈಲಿಗೆ ಹರಿಹರಕ್ಕೆ ಹೊರಟರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ವಾರಕ್ಕೆ ಆರು ದಿನ ಗಿರಣಿ. ಏಳನೆಯ ದಿನ ಹರಿಹರ. ನನಗೆ ಎಂಟನೆಯ ದಿನ!

ಹರಿಹರದಲ್ಲಿ ಮುನಾಫಣ್ಣನ ಅಂಗಡಿ. ಬೋರ್ಡು ಬರೆಯುವ ಪೇಂಟರು. ಇವರು ಅವರಿಗೆ ಬಾಬಿನ್ ಒಯ್ದು ಕೊಡುವುದು, ಅವರು ಇವರಿಗೆ ಉಳಿದ ಬಣ್ಣ ಕೊಡುವುದು. ಅವರ ಹತ್ತಿರವೂ ಹನ್ನೆರಡು ಜೆಟ್ಟು. ಯಾವುದಾದರೂ ಅಂಗಡಿಯ ಬೋರ್ಡು ನೀಲಿ ಬಳಿದು ಅಕ್ಷರಕ್ಕೆ ಕಾಯುತ್ತಾ ಇದ್ದರೆ, ಮೇಜಿನ ಮೇಲೆ ಅದನ್ನು ಮಲಗಿಸಿ, ಸೀಮೆಸುಣ್ಣದಲ್ಲಿ ಮನೆ ಎಳೆದು, ಅದೇ ಆಕಾಶ! ಚೌಕಾಬಾರದ ಹಾಗೆ ಕವಡೆ ಹಾಕುವುದು. ಎಷ್ಟು ಬಿತ್ತೋ ಅಷ್ಟು ಮನೆ ಹಾರುವುದು. ಎದುರಿನ ವಿಮಾನದ ಬಾಲದ ಹಿಂದೆ ಸರಿಯಾಗಿ ಹೋಗಿ ಕೂತರೆ ಅದು ಢಮಾರ್! ಯಾರು ಯಾವ ದೇಶ ಅನ್ನುವುದನ್ನೂ ಕವಡೆಯೇ ಹೇಳಬೇಕು. ಇಬ್ಬರಿಗೂ ನಲವತ್ತು ದಾಟಿತ್ತು.

ಇಷ್ಟನ್ನು ಹೆಂಗೋ ನುಂಗಿಕೊಂಡಿದ್ದೆ. ನುಂಗಲಾರದ್ದು ಆ ಶನಿವಾರ ಸಿಕ್ಕಿತು.

ಅವರು ಬೆಳಗಿನ ಪಾಳಿಗೆ ಹೋಗಿದ್ದರು. ಸವತಿಯರ ಮುಖ ನೋಡೋಣ ಅಂತ ಕ್ಯಾರಿಯರ್ ಬಿಚ್ಚಿದೆ. ಮೇಲಿನ ಡಬ್ಬಿಯಲ್ಲಿ ಕವಡೆ. ಕವಡೆಯ ಕೆಳಗೆ ಒಂದು ಕಾಗದದ ಪೊಟ್ಟಣ. ಬಿಚ್ಚಿದರೆ ಕೂದಲು! ಹೆಂಗಸಿನ ಕೂದಲು! ಮೊಳ ಉದ್ದ, ರೇಷ್ಮೆಯ ಹಾಗೆ ನುಣುಪು. ತಿದ್ದಿ ತೀಡಿ ಕೆಂಪು ದಾರ ಕಟ್ಟಿ ಇಟ್ಟಿದ್ದಾರೆ. ಮೂಗಿಗೆ ಹಿಡಿದೆ. ಎಂಥದೋ ಘಾಟು ವಾಸನೆ. ಅತ್ತರು ಹಚ್ಚುವವಳು!

ರೊಟ್ಟಿ ಹಿಟ್ಟಿನ ಮುಂದೆ ಹೋಗಿ ಕೂತೆ. ಆಣೆ ಮಾಡಿದ್ದು ಆಗಲೇ. ಹದಿನೆಂಟು ವರ್ಷ ಈ ಮನುಷ್ಯನಿಗೆ ರೊಟ್ಟಿ ತಟ್ಟಿದ್ದೆ.

ಪಕ್ಕದ ಮನೆ ಓಬವ್ವನ ಜೊತೆ ನಾನು ಎರಡು ತಿಂಗಳಿಂದ ಮಾತು ಬಿಟ್ಟಿದ್ದೆ. ಅದೂ ಕೂದಲಿನ ಜಗಳವೇ. ತಲೆ ಬಾಚಿದಾಗ ಉದುರಿದ್ದನ್ನು ಉಂಡೆ ಮಾಡಿ ಹಿತ್ತಲ ಗೋಡೆಯ ಸಂದಿಗೆ ಸಿಕ್ಕಿಸುತ್ತೇವಲ್ಲ, ಕೂದಲು ತಗೊಂಡು ಪಿನ್ನು ಸೂಜಿ ಕೊಡುವವಳು ಬರುವ ತನಕ. ಅವಳು ಬಂದ ದಿನ ನನ್ನ ಸಂದಿ ಖಾಲಿ! ಓಬವ್ವನ ಕೈಯಲ್ಲಿ ಹೊಸ ಪಿನ್ನು. "ಕೂದಲುಗಳ್ಳಿ!" ಅಂದಿದ್ದೆ, ಇಡೀ ಓಣಿಗೆ ಕೇಳುವ ಹಾಗೆ. ಆದರೆ ಇಂಥ ಸುದ್ದಿಗೆ ಮಾತು ಬಿಟ್ಟವಳೇ ಬೇಕು. ಹೋಗಿ ಪೊಟ್ಟಣ ತೋರಿಸಿದೆ.

ಓಬವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಐತ್ವಾರಕ್ಕೊಮ್ಮೆ ಗಡ್ಡ ಹೆರಕೊಂಡು ಹೋಗೋವಾಗಲೇ ಅಂದ್ಕೊಂಡೆ. ಹರಿಹರದಾಗ ದೇವರೇ ಅರ್ಧ ಹರಿ, ಅರ್ಧ ಹರ. ನಿನ್ ಗಂಡಾನೂ ಅರ್ಧ ಇಲ್ಲಿ, ಅರ್ಧ ಅಲ್ಲಿ!"

ಭಾನುವಾರ ಬೆಳಿಗ್ಗೆ ಅವರು ಗಡ್ಡ ಹೆರೆಯುವಾಗ ನಾನು ಕೆಲಸ ಮುಗಿಸಿದೆ. ಹನ್ನೆರಡು ವಿಮಾನ ಹೊರಗೆ, ಹನ್ನೆರಡು ಬದನೆಕಾಯಿ ಒಳಗೆ. ತೊಟ್ಟು ಸಮೇತ. ತೂಕಕ್ಕೆ ತೂಕ! ಅವರು ಕ್ಯಾರಿಯರ್ ಎತ್ತಿಕೊಂಡು ಹೊರಟರು. ತಿರುಗಿಯೂ ನೋಡಲಿಲ್ಲ.

ಸ್ನಾನದ ಹಂಡೆಗೆ ನೀರು ತುಂಬಿದೆ. ಎರಡು ಹಿಡಿ ಸೀಗೆಕಾಯಿ ಹಾಕಿದೆ. ಹನ್ನೆರಡು ಸವತಿಯರನ್ನೂ ಒಬ್ಬೊಬ್ಬರಾಗಿ ಮುಳುಗಿಸಿದೆ. "ಬಣ್ಣ ಬಿಟ್ಟು ಬಾಬಿನ್ ಆಗ್ರಿ!" ಅಂತ ಹರಸಿ ಬೆಂಕಿ ಹಾಕಿದೆ.

"ಓಬವ್ವ, ಆವಾಗಾವಾಗ ಒಂದು ಕಟ್ಟಿಗೆ ನೂಕ್ತಿರು. ಹರಿಹರಕ್ಕೆ ಹೋಗಿ ಬರ್ತೀನಿ."

"ಏನ್ ಬೇಯಕ್ಕಿಟ್ಟೀಯೇ?"

"ನನ್ ಹೊಟ್ಟೆಕಿಚ್ಚು!"

ಮುಂದಿನ ರೈಲು ಹತ್ತಿದೆ. ಪೊಟ್ಟಣ ಸೊಂಟದಲ್ಲಿ. ದಾರಿಯುದ್ದಕ್ಕೂ ಮಾತು ಹೊಂದಿಸಿದೆ. ಆ ಹೆಂಗಸು ಎದುರಿಗೆ ಬಂದ ಕೂಡಲೇ ಇಂಥದ್ದು ಅನ್ನಬೇಕು, ಅವಳು ಅತ್ತರೆ ಇಂಥದ್ದು, ನಕ್ಕರೆ ಇಂಥದ್ದು. ಅವಳು ನನಗಿಂತ ಚೆಂದ ಇದ್ದರೆ ಏನು ಅನ್ನಬೇಕು? ಅದು ಹೊಳೆಯುವಷ್ಟರಲ್ಲಿ ಹರಿಹರ ಬಂತು.

ಮುನಾಫಣ್ಣನ ಅಂಗಡಿಗೆ ನುಗ್ಗಿದೆ. ಇಬ್ಬರೂ ನೀಲಿ ಬೋರ್ಡಿನ ಮೇಲೆ ಬಗ್ಗಿದ್ದಾರೆ. ಒಂದು ಕಡೆ ಬೆಳ್ಳಿ ವಿಮಾನ. ಇನ್ನೊಂದು ಕಡೆ ನನ್ನ ಬದನೆಕಾಯಿ! ಸುಣ್ಣದಲ್ಲಿ ಗುರುತು ಹಾಕಿ, ಸಾಲಾಗಿ ನಿಲ್ಲಿಸಿ, ಆಟ ಜೋರಾಗಿ ನಡೆದಿದೆ!

"ಬಂದ್ಯಾ?" ಅಂದರು ನಮ್ಮನೆಯವರು, ತಲೆ ಎತ್ತದೆ. "ಬದನೆಕಾಯಿ ಚಲೋ ಅದಾವೆ. ತೊಟ್ಟು ಬಾಲದಂಗೇ ಐತೆ."

"ಗೋಣೆಪ್ಪಣ್ಣ, ನಿನ್ನ ಮೂರು ಬಿದ್ದಾವೆ. ಮಾತಾಡ್ತಾ ಮರಿಬ್ಯಾಡ" ಅಂದರು ಮುನಾಫಣ್ಣ. "ಬರ್ರಿ ಅಕ್ಕಾರೇ, ಕೂಡ್ರಿ."

ನಾನು ಕೂರಲು ಬಂದವಳಲ್ಲ. ಪೊಟ್ಟಣ ಆಕಾಶದ ನಟ್ಟನಡುವೆ ಎಸೆದೆ. ಎರಡು ಬದನೆಕಾಯಿ ಉರುಳಿದವು.

"ಯಾರವಳು?"

ಅಷ್ಟರಲ್ಲಿ ಒಳಬಾಗಿಲ ಪರದೆ ಸರಿಯಿತು. ಮುನಾಫಣ್ಣನ ಹೆಂಡತಿ ಇಮಾಂಬೀ. ಹಿಂದೆ ಎಂದೂ ನೋಡಿರಲಿಲ್ಲ. ಮೆಹಂದಿ ಹಚ್ಚಿ ಕೂದಲು ಕೆಂಪಗಿತ್ತು. ಅಂದರೆ ಇವಳಲ್ಲ! ಅವಳ ಕಣ್ಣು ನನ್ನ ಮುಖಕ್ಕೆ ಬರಲೇ ಇಲ್ಲ. ನೆಟ್ಟಗೆ ಜಡೆಗೆ ಹೋಯಿತು. ಅವಳ ಕೈಯಲ್ಲೂ ಒಂದು ಪೊಟ್ಟಣ! ಅದಕ್ಕೂ ಕೆಂಪು ದಾರ!

"ಎರಡು ತಿಂಗಳಿಂದ ಹುಡುಕ್ತಾ ಇದ್ದೆ" ಅಂದಳು ಇಮಾಂಬೀ. "ನನ್ನ ಗಂಡನ ಬಣ್ಣದ ಪೆಟ್ಟಿಗ್ಯಾಗ ಸಿಕ್ಕಿದ್ದು ಇದು. ತಿರುಗು ನೋಡಾನ."

ನಾನು ತಿರುಗಲಿಲ್ಲ. ಅವಳೇ ತಿರುಗಿಸಿದಳು. ಕೂದಲನ್ನು ನನ್ನ ಜಡೆಯ ಪಕ್ಕ ಹಿಡಿದಳು. ಅದೇ ಬಣ್ಣ. ಅದೇ ಉದ್ದ. ತುದಿಯಲ್ಲಿ ಅದೇ ಸುರುಳಿ.

"ಇದು ನಿಂದೇ!"

ಅಯ್ಯೋ ಶಿವನೇ! ಇನ್ನೊಬ್ಬಳನ್ನು ಹಿಡಿಯಲು ಹೋದವಳು ನಾನು. ನನ್ನ ಕೂದಲು, ಪರಗಂಡಸಿನ ಪೆಟ್ಟಿಗೆಯಲ್ಲಿ! ಹೊಂದಿಸಿಕೊಂಡು ಬಂದ ಮಾತು ಒಂದೂ ಬಾಯಿಗೆ ಬರಲಿಲ್ಲ.

"ನನಗೇನೂ ಗೊತ್ತಿಲ್ಲ ತಂಗಿ, ಶಿವನಾಣೆ" ಅಂದೆ.

"ಎಲ್ರೂ ಹಿಂಗೇ ಅಂತಾರೆ!"

ನಮ್ಮನೆಯವರು ಕವಡೆ ಕೆಳಗಿಟ್ಟರು. "ಏನ್ ಗದ್ದಲಲೇ ನಿಮ್ದು? ಪ್ಯಾಟೆ ಕುಂಚ ದಪ್ಪ. ರೆಕ್ಕೆ ಮ್ಯಾಲಿನ ಸಣ್ಣ ಗೆರೆಗೆ ಬರಂಗಿಲ್ಲ. ಸಣ್ಣ ಕುಂಚಕ್ಕೆ ಅಳಿಲಿನ ಬಾಲದ ಕೂದಲು ಬೇಕು, ಎಲ್ಲಿಂದ ತರ್ಲಿ? ನೀನು ಗ್ವಾಡೆ ಸಂದ್ಯಾಗ ಉಂಡೆ ಮಾಡಿ ಇಟ್ಟಿದ್ದೆಲ್ಲ, ಅದನ್ನ ಬಿಡಿಸಿ ತೊಳೆದೆ. ಮುನಾಫಗೂ ಅರ್ಧ ಕೊಟ್ಟೆ."

ಪೊಟ್ಟಣದಿಂದ ನಾಲ್ಕು ಎಳೆ ತೆಗೆದು, ಪಾರಿವಾಳದ ಗರಿಯ ಕೊಳವೆಗೆ ಸಿಕ್ಕಿಸಿ, ತುದಿ ಕತ್ತರಿಸಿ, ಕೆಂಪು ಬಣ್ಣಕ್ಕೆ ಅದ್ದಿ, ಮುನಾಫಣ್ಣನ ಒಂದು ವಿಮಾನದ ರೆಕ್ಕೆಯ ಮೇಲೆ ಗೆರೆ ಎಳೆದು ತೋರಿಸಿದರು. ನೂಲಿಗಿಂತ ಸಣ್ಣ ಗೆರೆ.

"ಮತ್ತೆ ಅತ್ತರು?" ಅಂದೆ. ದನಿ ಬಹಳ ಇಳಿದಿತ್ತು.

"ಟರ್ಪಂಟೈನ್ ಅಕ್ಕಾರೇ" ಅಂದರು ಮುನಾಫಣ್ಣ. "ನಿಮ್ಮ ಎಣ್ಣೆ ಇಳಿಬೇಕಂದ್ರ ಮೂರು ಸಲ ತೊಳಿಬೇಕಾತು."

ನನ್ನ ಕೂದಲು ಇಷ್ಟು ನುಣುಪು ಅಂತ ನನಗೇ ಗೊತ್ತಿರಲಿಲ್ಲ ನೋಡಿ! ನನ್ನ ಕೂದಲಿಗೇ ನಾನು ಹೊಟ್ಟೆಕಿಚ್ಚು ಪಟ್ಟೆ! ಇಮಾಂಬೀ ಸೆರಗು ಬಾಯಿಗಿಟ್ಟು ನಗಲು ಶುರು ಮಾಡಿದಳು. ನಾನೂ ನಕ್ಕೆ. ನಗುವಿನ ನಡುವೆ ನಮ್ಮನೆಯವರು ಕೇಳಿದರು.

"ಅಂದಂಗೆ, ನನ್ನ ಜೆಟ್ಟು ಎಲ್ಲದಾವಲೇ?"

ಹಂಡೆ!

ದಾವಣಗೆರೆ ಮುಟ್ಟುವಾಗ ಸಂಜೆ ನಾಲ್ಕು. ಓಬವ್ವ ಬೆವರು ಒರೆಸಿಕೊಳ್ಳುತ್ತಾ ಒಲೆಯ ಮುಂದೆ ಕೂತಿದ್ದಳು. "ಒಂದ್ ಗಳಿಗೆ ಆರಾಕ ಬಿಟ್ಟಿಲ್ಲ ನೋಡು!" ಎರಡು ತಿಂಗಳು ಅವಳನ್ನು ಕಳ್ಳಿ ಅಂದವಳು ನಾನು. ಹಾಗಾಗಿ ಬೈಯುವ ಬಾಯಿ ಇರಲಿಲ್ಲ. ಮುಚ್ಚಳ ತೆಗೆದೆವು. ಮುನಾಫಣ್ಣನ ಬಣ್ಣ ಚೂರೂ ಜಗ್ಗಿರಲಿಲ್ಲ. ಕರಗಿದ್ದು ಅಂಟು! ಸೀಗೆಕಾಯಿ ನೊರೆಯಲ್ಲಿ ಹನ್ನೆರಡು ಮೈ ಬೇರೆ, ಇಪ್ಪತ್ನಾಲ್ಕು ರೆಕ್ಕೆ ಬೇರೆ ತೇಲುತ್ತಿದ್ದವು. ಯುದ್ಧದಲ್ಲೂ ಒಂದೇ ದಿನ ಅಷ್ಟು ಬಿದ್ದಿರಲಿಕ್ಕಿಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದೊಂದಾಗಿ ಎತ್ತಿ ಪಂಚೆಯಲ್ಲಿ ಒರೆಸಿ ಬಿಸಿಲಿಗಿಟ್ಟರು. "ಹಿಡಿಯಾಕ ಬಾ" ಅಂದರು, ಅಷ್ಟೇ.

ಅಂಟು ಹಿಡಿಯುವ ತನಕ ರೆಕ್ಕೆಯನ್ನು ಒತ್ತಿ ಹಿಡಿದು ಕೂರಬೇಕು. ಅವರು ಒಂದು ಕಡೆ, ನಾನು ಒಂದು ಕಡೆ. ಅಲುಗಬಾರದು. ಮಾತಾಡಬಹುದು. ನಾಲ್ಕು ಭಾನುವಾರ ಹಿಡಿಯಿತು! ನಾಲ್ಕು ಭಾನುವಾರ ಅವರು ಮನೆಯಲ್ಲಿದ್ದರು! ಹದಿನೆಂಟು ವರ್ಷದಲ್ಲಿ ಆಡದ ಮಾತು ಆಗ ಆಡಿದೆವು. ಒಂದು ವಿಮಾನಕ್ಕೆ ನಾನು ರೆಕ್ಕೆ ಹಿಂದುಮುಂದಾಗಿ ಹಿಡಿದುಬಿಟ್ಟೆ. ಅದು ಹಾಗೇ ಅಂಟಿತು. "ಇರ್ಲಿ ಬಿಡು, ಇದು ಮನಿ ಕಡೆಗೇ ಹಾರ್ತೈತೆ" ಅಂದರು.

ನಾಲ್ಕು ಭಾನುವಾರದ ಈ ಗುಟ್ಟನ್ನು ಇಮಾಂಬೀಗೆ ಹೇಳಿದ್ದೆ. ಹೇಳಬಾರದಿತ್ತು.

ಮರುವರ್ಷ ಮಾಗಿಯಲ್ಲಿ ನಮ್ಮನೆಯವರು ಹೋದರು. ಎದೆಗೆ ಕಫ ಕಟ್ಟಿತು. ಮೂರೇ ದಿನ.

ತಿಂಗಳು ಕಳೆದು ಒಂದು ಭಾನುವಾರ ಮುನಾಫಣ್ಣ ಬಂದರು, ತಮ್ಮ ಕ್ಯಾರಿಯರ್ ಹಿಡಿದು. "ಗೋಣೆಪ್ಪಣ್ಣನ ಆಟ ಅರ್ಧಕ್ಕೆ ನಿಂತೈತೆ ಅಕ್ಕಾರೇ. ಕವಡೆ ನೀವು ಹಾಕ್ರಿ." ಜಗಲಿಯ ಮೇಲೆ, ಓಣಿಗೆಲ್ಲ ಕಾಣುವ ಹಾಗೆ, ಓಬವ್ವನನ್ನು ಪಂಚಾಯ್ತಿಗೆ ಕೂರಿಸಿಕೊಂಡು ಆಡಿದೆವು. ಪ್ರತಿ ಭಾನುವಾರ. ನಾನು ಪ್ರತಿ ಭಾನುವಾರ ಸೋತೆ. "ಆ ಹಿಂದುಮುಂದಿನದ್ದು ನನಗೆ ಕೊಡ್ರಿ, ಅವನ ನೆನಪಿಗೆ" ಅಂತ ಒಮ್ಮೆ ಕೇಳಿದರು. ಕೊಡಲಿಲ್ಲ. ಸವತಿ ನನ್ನವಳು.

ಹೋದ ತಿಂಗಳು ಒಂದು ಭಾನುವಾರ ಮುನಾಫಣ್ಣ ಕ್ಯಾರಿಯರ್ ಮುಚ್ಚಳ ತೆಗೆದವರು ಹಾಗೇ ಕೂತುಬಿಟ್ಟರು. ಇಣುಕಿ ನೋಡಿದೆ. ಬದನೆಕಾಯಿ. ಹನ್ನೆರಡು. ತೊಟ್ಟು ಸಮೇತ!

ನಮ್ಮನೆಯವರು ಹೋದ ಮೇಲೆ ನಾನು ನಕ್ಕದ್ದು ಅವತ್ತೇ.

ಮುಂದಿನ ರೈಲಿಗೆ ಇಮಾಂಬೀ ಬಂದಳು.

"ಹಂಡೆಗೆ ಹಾಕಿ ಬಂದ್ಯಾ?" ಅಂದೆ.

"ಹಾಕೀನಿ. ಸೀಗೆಕಾಯಿನೂ ಹಾಕೀನಿ."

"ನನ್ ಮ್ಯಾಲೆ ಹೊಟ್ಟೆಕಿಚ್ಚೇನೇ ನಿಂಗೆ?"

"ನಿನ್ ಮ್ಯಾಲೆ ಎಂಥ ಕಿಚ್ಚಕ್ಕಾ" ಅಂದಳು, ಗಂಡನಿಗೆ ಕೇಳದ ಹಾಗೆ. "ಅಂಟು ಹಿಡಿಯಾಕ ನಾಲ್ಕು ಐತ್ವಾರ ಬೇಕು ಅಂತ ನೀನೇ ಹೇಳಿದ್ದಲ್ಲ."

ನಾನೇ ಹೇಳಿದ್ದೆ. ನಾಲ್ಕು ಐತ್ವಾರ! ಅವಳ ಕೈ ಒಂದು ಕಡೆ, ಗಂಡನ ಕೈ ಇನ್ನೊಂದು ಕಡೆ. ಸುಳ್ಳು ಯಾಕೆ ಹೇಳಲಿ, ನಾನು ಕುದಿದಷ್ಟು ಓಬವ್ವ ಕಾಯಿಸಿದ ಹಂಡೆಯೂ ಕುದಿದಿರಲಿಲ್ಲ. ಇಮಾಂಬೀಗೆ ಗೊತ್ತಾಯಿತೋ ಏನೋ. "ಮುಂದಿನ ಐತ್ವಾರ ನೀನೂ ಬಾ ಅಕ್ಕಾ. ಬಾಲ ಹಿಡಿಯಾಕ ಇನ್ನೊಂದು ಕೈ ಬೇಕು" ಅಂದಳು.

ಹೋಗಬಾರದು ಅಂತ ಆಣೆ ಮಾಡಿದೆ. ಆಣೆ ಮುರಿದು ಹೋದೆ. ಬರಿಗೈಯಲ್ಲಿ ಹೆಂಗೆ ಹೋಗುವುದು ಅಂತ, ಅವಳು ಕಳಿಸಿದ್ದ ಬದನೆಕಾಯಿಯ ಜಾತಿಯವೇ ಹನ್ನೆರಡು ತಂದು, ಗುರೆಳ್ಳು ತುಂಬಿ ಎಣ್ಣೆಗಾಯಿ ಮಾಡಿ, ನಮ್ಮನೆಯವರ ಹಿತ್ತಾಳೆ ಕ್ಯಾರಿಯರಿನಲ್ಲೇ ಒಯ್ದೆ.

ಮುನಾಫಣ್ಣ ಒಂದು ಕೈಯಲ್ಲಿ ಅಂಟು ಬಿಟ್ಟ ರೆಕ್ಕೆ ಹಿಡಿದುಕೊಂಡೇ ಮುಚ್ಚಳ ತೆಗೆದರು. ಒಳಗೆ ನೋಡಿದರು. ನನ್ನ ಮುಖ ನೋಡಿದರು.

"ಅಯ್ಯೋ ಅಕ್ಕಾರೇ, ಇವನ್ನೂ ಬೇಯಿಸಿಬಿಟ್ರಾ!"