ಗೋಡೆಯ ಮೇಲೆ ನಾನೆಲ್ಲಿ?

ಗೋಡೆಯ ಮೇಲೆ ಚಿತ್ರ ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ರಾಣೆಬೆನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದಿಲಿನಿಂದ ನಾನೊಂದು ಆನೆ ಬರೆಯಹೊರಟಾಗ ಅಪ್ಪ ಕೊಟ್ಟ ಏಟಿಗೆ ಆನೆಯ ಸೊಂಡಿಲು ಅರ್ಧಕ್ಕೇ ನಿಂತಿತ್ತು. ಪೇಟೆಯ ಗೋಡೆಗಳ ಮೇಲಿದ್ದ ಸಾಹಿತ್ಯವೆಂದರೆ ‘ಇಲ್ಲಿ ಮೂತ್ರ ಮಾಡಬಾರದು’ ಎಂಬುದೊಂದೇ. ಜನ ಅದನ್ನು ಓದುತ್ತಾ ಓದುತ್ತಾ ಅದೇ ಕೆಲಸ ಮಾಡುತ್ತಿದ್ದರು. ಈ ಅಮೆರಿಕದಲ್ಲೋ, ಗೋಡೆಗೆ ಬರೆದವರ ಕೈಯನ್ನು ಊರಿನ ಮೇಯರೇ ಬಂದು ಕುಲುಕುತ್ತಾನೆ! ಹಾಗೆ ಕುಲುಕಿಸಿಕೊಂಡವಳು ನನ್ನ ಮಗಳೇ ಆದ್ದರಿಂದ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅದೊಂದು ವಿದ್ಯೆ ನನಗೆ ಬರುವುದಿಲ್ಲ.

ಮಗಳು ಅನಘಾ ಹುಟ್ಟಿದ್ದು ಇಲ್ಲೇ, ಓದುತ್ತಿರುವುದು ಚಿತ್ರಕಲೆ. ನೋವೈ ಎಂಬ ಊರಿನಲ್ಲಿರುವ ನಮ್ಮ ಮನೆಯಿಂದ ಒಂದು ಗಂಟೆ ದೂರದ ಪುಟ್ಟ ಊರೊಂದರಲ್ಲಿ ಹಳೆಯ ಅಂಗಡಿಗಳ ಗೋಡೆಗಳಿಗೆಲ್ಲ ಚಿತ್ರ ಬರೆಸಿದ್ದಾರೆ. ಅದರಲ್ಲೊಂದು ಗೋಡೆ ಇವಳ ಪಾಲಿಗೆ ಬಂದಿತ್ತು. ‘ನಮ್ಮ ಮನೆ’ ಎಂಬುದು ಅವಳು ಆರಿಸಿಕೊಂಡ ವಿಷಯ. ಶನಿವಾರ ನಾನು, ಹೆಂಡತಿ ಸುಧಾ, ಊರಿನಿಂದ ಬಂದಿರುವ ನನ್ನ ಅವ್ವ ಮೂವರೂ ಅವಳ ಜೊತೆ ಹೊರಟೆವು. ಆ ಗೋಡೆಯ ಮೇಲೆ ನಾನು ಎಷ್ಟು ದೊಡ್ಡದಾಗಿ ಕಾಣುತ್ತೇನೆ ಎಂದು ನೋಡುವುದೊಂದೇ ನನ್ನ ಆಸೆ. ಅದಕ್ಕೆಂದೇ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ.

ಮಗಳೋ, ‘ಫಸ್ಟ್ ದಿ ಅದರ್ಸ್, ಅಪ್ಪಾ’ ಎಂದು ಊರೆಲ್ಲ ಸುತ್ತಿಸಿದಳು. ಒಂದು ಗೋಡೆಯ ಮೇಲೆ ಕನ್ನಡಕ ಹಾಕಿದ ಮೀನು. ಏಕಪ್ಪಾ ಅದಕ್ಕೆ ಕನ್ನಡಕ? ಇನ್ನೊಂದರ ಮೇಲೆ ಮಾಳಿಗೆಯೆತ್ತರದ ಟೊಮೆಟೊ. ‘ಇದೊಂದರಾಗ ಮದುವಿ ಮನಿ ಸಾರು ಆಗತೈತಿ ನೋಡು’ ಎಂದು ಅವ್ವ ಬೆರಗಾದಳು. ನನಗೆ ಮಾತ್ರ ಕಾಲೂ ನೋಯುತ್ತಿತ್ತು, ತಾಳ್ಮೆಯೂ ಮುಗಿದಿತ್ತು.

ಕೊನೆಗೂ ಅವಳ ಗೋಡೆ ಬಂತು. ಚಿತ್ರದಲ್ಲಿ ಅವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾ ಕೂತಿದ್ದಾಳೆ. ಸುಧಾ ಕಾಫಿ ಲೋಟ ಹಿಡಿದು ನಗುತ್ತಿದ್ದಾಳೆ. ಕಿಟಕಿಯೊಳಗೆ ತುಳಸಿ, ಹೊರಗೆ ಹಿಮ. ಬಾಗಿಲಲ್ಲಿ ಪಕ್ಕದ ಮನೆಯ ನಾಯಿ! ದಿನಾ ಬೆಳಿಗ್ಗೆ ನಮ್ಮ ಹುಲ್ಲಿನ ಮೇಲೆ ತನ್ನ ಕೆಲಸ ಮುಗಿಸಿ ಹೋಗುವ ಅದೇ ನಾಯಿ! ಎಡದಿಂದ ಬಲಕ್ಕೆ ನೋಡಿದೆ, ಬಲದಿಂದ ಎಡಕ್ಕೆ ನೋಡಿದೆ. ನಾನಿಲ್ಲ.

ಸಿಟ್ಟು ನೆತ್ತಿಗೇರಿತು. ಹಿಮ ಸುರಿಯುವಾಗ ಇವಳನ್ನು ಡ್ರಾಯಿಂಗ್ ಕ್ಲಾಸಿಗೆ ಡ್ರೈವ್ ಮಾಡಿಕೊಂಡು ಹೋದವರು ಯಾರು? ನಾಯಿಯೇ? ದಿನಾ ಡಿಯರ್‌ಬಾರ್ನ್‌ನ ಕಾರು ಕಂಪನಿಗೆ ಹೋಗಿ ಬ್ರೇಕುಗಳ ಜೊತೆ ಗುದ್ದಾಡಿ ಬರುವವರು ಯಾರು? ನಾಯಿಯೇ? ಸುಳ್ಳೇಕೆ ಹೇಳಲಿ, ಸಿಟ್ಟಿನ ಕೆಳಗೆ ಸಂಕಟವೂ ಇತ್ತು. ಇವಳ ಕಣ್ಣಿಗೆ ಮನೆಯೆಂದರೆ ನಾನಿಲ್ಲದ ಮನೆಯೇ?

‘ನಾ ಎಲ್ಲಿ ಅದೀನಿ?’ ಎಂದು ಗುಡುಗಿದೆ.

‘ಮೆಲ್ಲಗೆ ಮಾತಾಡ್ರೀ, ಜನ ನೋಡ್ತಿದಾರೆ,’ ಎಂದಳು ಮೈಸೂರಿನ ಸುಧಾ.

‘ನೋಡ್ಲಿ ಬಿಡು! ನಾಯಿಗೆ ಜಾಗಾ ಐತಿ, ಅಪ್ಪಗಿಲ್ಲ!’

‘ಅಪ್ಪಾ, ಲುಕ್ ಅಪ್,’ ಎಂದಳು ಅನಘಾ. ಅಷ್ಟರಲ್ಲಿ ಅವ್ವ ತಲೆಯೆತ್ತಿ ನೋಡಿಯಾಗಿತ್ತು. ‘ಅಯ್ಯ, ಅಲ್ಲೇ ಅದೀಯಲ್ಲೋ ಮಾರಾಯಾ!’

ಚಿತ್ರದ ಮನೆಯ ಸೂರಿನ ಕೆಳಗೆ ದೃಷ್ಟಿಬೊಂಬೆ! ಹೊಸ ಮನೆಗೆ ಕೆಟ್ಟ ಕಣ್ಣು ತಾಗದಿರಲೆಂದು ನಮ್ಮ ಕಡೆ ನೇತುಹಾಕುತ್ತಾರಲ್ಲ, ಅದೇ ರಾಕ್ಷಸನ ಮುಖ. ಗುಡ್ಡೆ ಹೊರಬಂದ ಕಣ್ಣು, ಕಿರಿದ ಹಲ್ಲು, ಚಾಚಿದ ನಾಲಿಗೆ. ಮೀಸೆ ಮಾತ್ರ ಒಂದು ಕೂದಲೂ ಬಿಡದಂತೆ ನನ್ನದು.

‘ಇದು ನಾನಾ?’

‘ಇಟ್ ಪ್ರೊಟೆಕ್ಟ್ಸ್ ದಿ ಹೌಸ್, ಅಪ್ಪಾ. ದಟ್ಸ್ ಯು,’ ಎಂದಳು ಮಗಳು, ನಗದೆ. ಸುಧಾ ಬಾಯಿಗೆ ಕೈ ಅಡ್ಡ ಹಿಡಿದು ಅತ್ತ ತಿರುಗಿದಳು. ಅವ್ವ ಇನ್ನೊಮ್ಮೆ ಪರೀಕ್ಷಿಸಿ, ‘ಬರೋಬ್ಬರಿ ಬರದಾಳ. ಹುಬ್ಬು ಇನ್ನೊಂಚೂರು ದಪ್ಪ ಇರಬೇಕಾಗಿತ್ತು,’ ಎಂದಳು.

ಹೆತ್ತ ತಂದೆಯನ್ನು ರಾಕ್ಷಸನನ್ನಾಗಿ ಮಾಡುವುದು ಯಾವ ಸೀಮೆಯ ಕಲೆ ಎಂದು ಒಂದು ಭಾಷಣ ಬಿಗಿಯಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಒಬ್ಬ ಬಂದು ತನ್ನ ಸೈಕಲ್ಲನ್ನು ಸೀದಾ ಅವ್ವನ ಅಕ್ಕಿ ಮೊರಕ್ಕೆ ಒರಗಿಸಿದ.

‘ಏಯ್! ತಗಿಯೋ ಅದನ್ನ!’ ಎಂದು ಕಿರುಚಿದೆ. ಅಮೆರಿಕ, ಇಂಗ್ಲಿಷು, ಎಲ್ಲ ಮರೆತುಹೋಗಿತ್ತು.

ಒಂದಕ್ಷರ ಕನ್ನಡ ಬಾರದ ಆ ಮನುಷ್ಯ ನನ್ನ ಮುಖ ನೋಡಿದ. ತಲೆಯೆತ್ತಿ ಸೂರಿನ ಕೆಳಗೆ ನೋಡಿದ. ಮತ್ತೆ ನನ್ನ ಮುಖ ನೋಡಿದ. ‘ಸಾರಿ, ಸರ್’ ಎಂದವನೇ ಸೈಕಲ್ಲನ್ನು ರಸ್ತೆಯ ಆಚೆ ಬದಿಗೆ ಒಯ್ದು ನಿಲ್ಲಿಸಿದ.