ದೊಡ್ಡಪ್ಪನ ಟ್ರಂಪೆಟ್ಟೂ ಗುತ್ತೂರಿನ ಸೈರನ್ನೂ

ಇಡೀ ಹರಿಹರದಲ್ಲಿ ಶ್ರುತಿ ತಪ್ಪದ ವಸ್ತು ಒಂದೇ ಒಂದಿತ್ತು, ಅದು ನಮ್ಮ ದೊಡ್ಡಪ್ಪನ ಟ್ರಂಪೆಟ್. ಹಾಗಂತ ಹೇಳಿದವರು ಯಾರು ಅಂತೀರಾ? ನಮ್ಮ ದೊಡ್ಡಪ್ಪನೇ! ರೈಲಿನ ಕೂಗು, ಅವ್ವನ ಕುಕ್ಕರಿನ ಸೀಟಿ, ಕೊನೆಗೆ ಚಿಕ್ಕಂದಿನ ನನ್ನ ಅಳು ಕೂಡ ಅವರ ಪ್ರಕಾರ ಅಪಸ್ವರ.

ಅವರು ಮದುವೆ ಬ್ಯಾಂಡಿನಲ್ಲಿ ಊದುತ್ತಿದ್ದವರು. ದಾವಣಗೆರೆಯ ಮೆರವಣಿಗೆಯಲ್ಲಿ ಅವರು ಊದಿದರೆ ಹೋಟೆಲಿನಲ್ಲಿ ಬೆಣ್ಣೆದೋಸೆ ತಿನ್ನುತ್ತಿದ್ದವರು ತಟ್ಟೆ ಹಿಡಿದೇ ರಸ್ತೆಗೆ ಬರುತ್ತಿದ್ದರಂತೆ. ಇದನ್ನು ಹೇಳಿದವರೂ ಅವರೇ ಅನ್ನಿ! ಶ್ರುತಿ ನೋಡಲು ಅವರಿಗೆ ಹಾರ್ಮೋನಿಯಂ ಬೇಕಿರಲಿಲ್ಲ. ಗುತ್ತೂರು ಕಡೆಯ ಕಾರ್ಖಾನೆಯ ಮಧ್ಯಾಹ್ನದ ಸೈರನ್ ಕೂಗಿದ ತಕ್ಷಣ ಅಂಗಳಕ್ಕೆ ಬಂದು ಅದರ ಜೊತೆ ಒಂದು ಸ್ವರ ಊದುವರು. ಎರಡೂ ಒಂದಾದರೆ ಮಾತ್ರ ಊಟಕ್ಕೆ ಕೂರುವುದು.

ವಯಸ್ಸಾಯಿತು. ಮುಂದಿನ ಹಲ್ಲು ಹೋದವು, ತುಟಿಯ ಬಿಗಿ ಹೋಯಿತು, ಕಿವಿಯೂ ಮಂದವಾಯಿತು. ಎಷ್ಟು ದಮ್ಮು ಕಟ್ಟಿ ಊದಿದರೂ ಸ್ವರ ಸೈರನ್ನಿಗಿಂತ ಕೆಳಗೇ ನಿಲ್ಲತೊಡಗಿತು. ಹಲ್ಲಿನ ಸೆಟ್ ಕಟ್ಟಿಸಿಕೊಂಡು ಬಂದರು. ಮೊದಲ ದಿನ ಊದಿದಾಗ ಸ್ವರ ಮೊದಲು ಹೊರಬಂತೋ ಸೆಟ್ ಮೊದಲು ಹೊರಬಂತೋ ಹೇಳುವುದು ಕಷ್ಟ! ಆದರೂ ದೊಡ್ಡಪ್ಪ ಒಪ್ಪಬೇಕಲ್ಲ?

"ಸೈರನ್ನೇ ಮೇಲೇರೈತೆ!" ಎಂದವರೇ ಕಾಲೇಜಿಗೆ ಹೊರಟಿದ್ದ ನನ್ನನ್ನೂ ಎಳೆದುಕೊಂಡು ಕಾರ್ಖಾನೆಯ ಗೇಟಿಗೆ ಹೋದರು.

"ಒಂಚೂರು ಇಳಿಸ್ರಿ ಅದನ್ನ. ಅಪಸ್ವರ ಆಗೈತೆ," ಎಂದರು ವಾಚ್‌ಮನ್‌ಗೆ.

ಆತ ಬಾಯಿಂದ ಬೀಡಿ ತೆಗೆದ. "ಯಜಮಾನ್ರೆ, ಅದು ಊಟಕ್ಕೆ ಬಿಡಾಕೆ ಐತೆ, ಕಛೇರಿ ಮಾಡಾಕಲ್ಲ."

ಅದೇ ಹೊತ್ತಿಗೆ ನನ್ನ ಕ್ಲಾಸಿನ ಹುಡುಗರು ಅಲ್ಲಿ ಸೈಕಲ್ ನಿಲ್ಲಿಸಿಕೊಂಡು ನಿಂತಿರಬೇಕೇ? ನಾಚಿಕೆಯಿಂದ ಸತ್ತೇಹೋದೆ.

ಮುಂದೆ ದಾವಣಗೆರೆಯ ದೊಡ್ಡ ವ್ಯಾಪಾರಸ್ಥರ ಮನೆಗೆ ನನ್ನ ಮದುವೆ ಗೊತ್ತಾಯಿತು. ಬೀಗರನ್ನು ಎದುರುಗೊಳ್ಳುವ ಬ್ಯಾಂಡಿನಲ್ಲಿ ತಾವೇ ಊದುವುದೆಂದು ದೊಡ್ಡಪ್ಪ ಪಟ್ಟು ಹಿಡಿದರು.

"ಬ್ಯಾಡ ದೊಡ್ಡಪ್ಪ, ನೀವು ಆರಾಮ ಕೂಡ್ರಿ. ಊದೋರು ಊದ್ತಾರೆ."

"ನೀ ತೊಟ್ಟಿಲಾಗ ಇದ್ದಾಗ್ಲೇ ನಿಮ್ಮಪ್ಪಂಗೆ ಮಾತು ಕೊಟ್ಟೀನವ್ವ!"

ಅಪಸ್ವರವೆಲ್ಲ ವೀಡಿಯೊ ಕ್ಯಾಸೆಟ್ಟಿನಲ್ಲಿ ಕೂತು, ಬೀಗರ ಮನೆಯ ಟೀವಿಯಲ್ಲಿ ಬಂದವರಿಗೆಲ್ಲ ಕೇಳಿಸುತ್ತದಲ್ಲ ಎಂದು ನಾನು ಅತ್ತದ್ದೂ ಉಂಟು.

ಮದುವೆ ದಿನ ಬೀಗರ ಬಸ್ಸು ತಡವಾಗಿ, ಮಧ್ಯಾಹ್ನದ ಹೊತ್ತಿಗೆ ನಮ್ಮೂರ ಛತ್ರಕ್ಕೆ ಬಂತು. ನಾನು ಕೋಣೆಯ ಕಿಟಕಿಯಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ದೊಡ್ಡಪ್ಪ ಊದಿದರು. ಅರೆ, ಎಲ್ಲ ವಾದ್ಯಗಳೂ ಅವರ ಜೊತೆ ಒಂದಾಗಿಬಿಟ್ಟವು! ಆಮೇಲೆ ತಿಳಿಯಿತು: ಬ್ಯಾಂಡ್ ಮಾಸ್ಟರ್ ದೊಡ್ಡಪ್ಪನ ಹಳೆಯ ಶಿಷ್ಯ. ಎಲ್ಲರ ವಾದ್ಯದ ಕೊಳವೆಯನ್ನೂ ಒಂದಿಷ್ಟು ಹೊರಕ್ಕೆ ಎಳೆಸಿ, ಇಡೀ ಬ್ಯಾಂಡನ್ನೇ ಗುರುವಿನ ಸ್ವರಕ್ಕೆ ಇಳಿಸಿದ್ದ. ಬೀಗರು ತಲೆದೂಗುತ್ತಿದ್ದರು.

ಆಗ ಕೂಗಿತು ನೋಡಿ, ಗುತ್ತೂರಿನ ಸೈರನ್!

ಇಡೀ ಬ್ಯಾಂಡು ಒಂದು ಕಡೆ, ಸೈರನ್ ಒಂದು ಕಡೆ. ಬೀಗರು ಮುಖ ಮುಖ ನೋಡಿಕೊಂಡರು. ದೊಡ್ಡಪ್ಪ ಟ್ರಂಪೆಟ್ ಕೆಳಗಿಳಿಸಿ, ಪಕ್ಕದವರ ವಾದ್ಯಗಳ ಕೊಳವೆಗಳನ್ನು ಒಂದೊಂದಾಗಿ ನೋಡಿದರು. ಅವರಿಗೆ ಎಲ್ಲವೂ ತಿಳಿದುಹೋಯಿತು. ಮೆಲ್ಲಗೆ ನನ್ನ ಕಿಟಕಿಯ ಹತ್ತಿರ ಬಂದರು.

"ಸೈರನ್ ಸರಿ ಐತವ್ವ. ನನಗ ಮೊದ್ಲಿಂದಾನೂ ಗೊತ್ತಿತ್ತು. ಹೇಳಾಕೆ ನಾಚ್ಕೆ." ಇನ್ನೊಂದು ಕೈಯಿಂದ ಕಿಟಕಿಯ ಸರಳು ಹಿಡಿದರು. "ನಿನಗೂ ನಾಚ್ಕೆ ಆತೇನವ್ವ?"

ಆಯಿತು, ಆದರೆ ಅವರ ಬಗ್ಗೆ ಅಲ್ಲ. ಕಿಟಕಿಯ ಸರಳುಗಳ ಸಂದಿಯಿಂದ ಕೈ ಚಾಚಿ, ಅವರ ಕೈಲಿದ್ದ ಟ್ರಂಪೆಟ್ಟನ್ನು ಅವರ ಬಾಯಿಯ ಹತ್ತಿರ ಎತ್ತಿದೆ.

"ಇಲ್ಲ ದೊಡ್ಡಪ್ಪ," ಎಂದೆ, ಬೀಗರಿಗೂ ಕೇಳಿಸುವಷ್ಟು ಜೋರಾಗಿ. "ಸೈರನ್ನೇ ಮೇಲೇರೈತೆ. ನೀವು ಊದ್ರಿ."