ಭೀಮನಬೀಡಿನ ಮಾರಿಗುಡಿ ಟಿಸಿ

ಮನುಷ್ಯ ಎಲ್ಲಿ ಬೇಕಾದರೂ ಜಂಬ ಕೊಚ್ಚಿಕೊಳ್ಳಬಹುದು, ಹೆಂಡತಿಯ ತವರಿನಲ್ಲಿ ಮಾತ್ರ ಕೊಚ್ಚಿಕೊಳ್ಳಬಾರದು. ಕಚೇರಿಯಲ್ಲಿ ಕೊಚ್ಚಿಕೊಂಡರೆ ಕೇಳುವವರಿಗೆ ನಿಮ್ಮ ಯೋಗ್ಯತೆ ಮೊದಲೇ ಗೊತ್ತಿರುತ್ತದೆ, ಯಾರೂ ನಂಬುವುದಿಲ್ಲ, ನಷ್ಟವೂ ಇಲ್ಲ. ಸ್ನೇಹಿತರ ಮುಂದೆ ಕೊಚ್ಚಿಕೊಂಡರೆ ಅವರೂ ತಮ್ಮದನ್ನು ಕೊಚ್ಚಿ ಸರಿಮಾಡಿಕೊಳ್ಳುತ್ತಾರೆ. ಆದರೆ ಮಾವನ ಮನೆಯವರು ನಂಬಿಬಿಡುತ್ತಾರೆ. ಮುದ್ದೆ, ಕೋಳಿಸಾರು ಬಡಿಸಿ, ಎದುರಿಗೆ ಕೂತು, ನೀವು ಹೇಳಿದ್ದನ್ನೆಲ್ಲ ಕಣ್ಣರಳಿಸಿಕೊಂಡು ಕೇಳಿ, ಮಾರನೆಯ ದಿನ ಅದರಂತೆ ನಡೆದೂಬಿಡುತ್ತಾರೆ. ಈ ಮಾತನ್ನು ಯಾರಾದರೂ ನನಗೆ ಮದುವೆಯ ಹೊತ್ತಿನಲ್ಲೇ ಹೇಳಿದ್ದರೆ, ಮಾವನ ಊರಾದ ಭೀಮನಬೀಡಿನಲ್ಲಿ ಬಸ್ಸಿಳಿಯುವಾಗ ಮುಖಕ್ಕೆ ಟವೆಲ್ಲು ಸುತ್ತಿಕೊಳ್ಳುವ ಗತಿ ನನಗೆ ಬರುತ್ತಿರಲಿಲ್ಲ.

ನನ್ನ ಹೆಸರು ಮಹದೇವಸ್ವಾಮಿ. ಚಾಮರಾಜನಗರದಲ್ಲಿ ವಿದ್ಯುತ್ ಸರಬರಾಜಿನ ಕಚೇರಿಯೊಂದರಲ್ಲಿ ಕೆಲಸ. ಕಂಬ ಹತ್ತುವ ಕೆಲಸವಲ್ಲ, ಸ್ಟೂಲು ಹತ್ತಿದರೂ ನನಗೆ ತಲೆ ಸುತ್ತುತ್ತದೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರು, ಮನೆಮನೆಯ ಮೀಟರು ಇವನ್ನೆಲ್ಲ ಕಂಪ್ಯೂಟರಿನ ನಕ್ಷೆಯಲ್ಲಿ ಅದರದರ ಜಾಗಕ್ಕೆ ಕೂರಿಸಿ, ಯಾರಿಗೆ ಎಲ್ಲಿಂದ ಕರೆಂಟು ಹೋಗುತ್ತದೆ ಎಂದು ಗೆರೆ ಎಳೆದು ಕಾಯುವುದು ನನ್ನ ಪಾಲಿಗೆ ಬಂದ ಉದ್ಯೋಗ. ಯಾರಾದರೂ ಕೇಳಿದರೆ ನನ್ನ ಹೆಂಡತಿ, "ನಮ್ಮ ಯಜಮಾನ್ರು ಕರೆಂಟಾಫೀಸ್ನಲ್ಲಿ ಬೊಂಬೆ ಬರೀತಾರೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಆದರೆ ನಾಳೆ ನಿಮ್ಮ ಊರಿನಲ್ಲಿ ಕರೆಂಟು ಇರುವುದಿಲ್ಲ ಎಂದು ನಿಮ್ಮ ಮೊಬೈಲಿಗೆ ಮೆಸೇಜು ಬರುತ್ತದಲ್ಲ, ಅದು ಯಾರ್‍ಯಾರಿಗೆ ಹೋಗಬೇಕು ಎಂಬುದು ತೀರ್ಮಾನವಾಗುವುದು ಇದೇ ಬೊಂಬೆಯನ್ನು ನೋಡಿ.

ಈ ಕೊನೆಯ ಮಾತನ್ನು ನಾನು ಮಾವನ ಮನೆಯ ಜಗಲಿಯಲ್ಲಿ ಕೂತು, ಕೋಳಿಯ ತೊಡೆ ಕೈಯಲ್ಲಿ ಹಿಡಿದು, ಸ್ವಲ್ಪ ಬೇರೆ ಥರ ಹೇಳಿದ್ದೆ. "ನಿಮ್ಮೂರಿನ ಕರೆಂಟೆಲ್ಲ ನನ್ನ ಬೆರಳ ತುದಿಯಲ್ಲಿದೆ" ಎಂದಿದ್ದೆ. ಆಗ ನನ್ನ ನಾದಿನಿ ಪವಿತ್ರ ನಾಟಿ ಕೋಳಿ ಮರಿ ಮಾಡಿ ಮಾರಬೇಕೆಂದು ಮೊಟ್ಟೆಗೆ ಕಾವು ಕೊಡುವ ಮಿಷನ್ನೊಂದನ್ನು ತಂದಿದ್ದಳು. ಕಾಲೇಜು ಮುಗಿಸಿ ಮನೆಯಲ್ಲಿದ್ದ ಹುಡುಗಿ. ಈ ಸಲ ಮರಿ ಚೆನ್ನಾಗಿ ಆದರೆ ಮುಂದುವರಿಸು, ಇಲ್ಲವಾದರೆ ಸುಮ್ಮನೆ ಮದುವೆಯಾಗು ಎಂದು ಮಾವ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಕರೆಂಟು ಹೋದರೆ ಮೊಟ್ಟೆ ತಣ್ಣಗಾಗಿ ಕೆಟ್ಟುಹೋಗುತ್ತವೆ ಎಂದು ಅವಳು ಬ್ಯಾಟರಿ ತರುವವಳಿದ್ದಳು.

"ಭಾವ, ಕರೆಂಟು ತೆಗೆಯೋ ಮುಂಚೆ ಮೆಸೇಜು ಬಂದೇ ಬತ್ತದಾ?" ಎಂದು ಕೇಳಿದಳು.

"ಬತ್ತದೆ ಕಣಮ್ಮಿ. ನಾನಿರೋವಾಗ ನಿಂಗ್ಯಾಕೆ ಬ್ಯಾಟರಿ?" ಎಂದೆ. ಅತ್ತೆ ಇನ್ನೊಂದು ಸೌಟು ಸಾರು ಬಡಿಸಿದರು. ಪವಿತ್ರ ಬ್ಯಾಟರಿಯ ಯೋಚನೆಯನ್ನು ಅಲ್ಲಿಗೇ ಬಿಟ್ಟಳು.

ಅದೇ ತಿಂಗಳು ನಮ್ಮ ಕಚೇರಿಯಲ್ಲಿ ಹಳೆಯ ತಂತ್ರಾಂಶ ತೆಗೆದು ಹೊಸದನ್ನು ಹಾಕಿದರು. ಹಳೆಯದು ದೊಡ್ಡ ಮನಸ್ಸಿನದು. ಗೆರೆಯೊಂದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳುತ್ತಿರಲಿಲ್ಲ, ಬಂದವರಿಗೆಲ್ಲ ಜಾಗ ಕೊಡುತ್ತಿತ್ತು. ಹೊಸದು ಹಾಗಲ್ಲ. ಊರ ಬಾಗಿಲಲ್ಲಿ ಕೂತ ಮುದುಕಪ್ಪನ ಹಾಗೆ ಪ್ರತಿಯೊಂದು ತಂತಿಯನ್ನೂ ನಿಲ್ಲಿಸಿ, ಯಾರ ಮಗನಪ್ಪ ನೀನು, ಯಾವ ಮನೆಯವನು ಎಂದು ಕೇಳುತ್ತದೆ. ಉತ್ತರವಿಲ್ಲದಿದ್ದರೆ ಕೆಂಪು ಚುಕ್ಕೆ. ಮೊದಲ ದಿನ ನಕ್ಷೆ ತೆರೆದರೆ ಇಡೀ ಜಿಲ್ಲೆಗೆ ದಡಾರ ಎದ್ದಿತ್ತು. ನಮ್ಮ ಸಾಹೇಬರು ಅದನ್ನು ನೋಡಿ, "ವಾರದೊಳಗೆ ಒಂದೂ ಕೆಂಪು ಕಾಣಬಾರದು ಸ್ವಾಮಿ" ಎಂದು ಹೇಳಿ ರಜೆ ಹಾಕಿ ಹೋದರು.

ಇಲ್ಲಿ ಒಂದು ವಿಷಯ ಹೇಳಬೇಕು. ಟ್ರಾನ್ಸ್‌ಫಾರ್ಮರಿಗೆ ನಮ್ಮ ಇಲಾಖೆಯಲ್ಲಿ ಟಿಸಿ ಎನ್ನುತ್ತಾರೆ. ಅದಕ್ಕೆ ಹೆಸರಿಡುವಾಗ ಪಕ್ಕದಲ್ಲಿ ಏನಿದೆಯೋ ಅದೇ ಹೆಸರು: ಹಾಲಿನ ಡೈರಿ ಟಿಸಿ, ಅರಳಿಕಟ್ಟೆ ಟಿಸಿ. ನಮ್ಮ ಸೀಮೆಯಲ್ಲಿ ಮಾರಿಗುಡಿ ಇಲ್ಲದ ಊರು ಎಲ್ಲಿದೆ? ಹಾಗಾಗಿ ಊರೂರಿಗೂ ಒಂದು ಮಾರಿಗುಡಿ ಟಿಸಿ. ಒಂದೇ ಹೆಸರಿನವು ಹಲವು ಇವೆ, ಒಂದುಗೂಡಿಸಲೇ ಎಂದು ಹೊಸ ತಂತ್ರಾಂಶ ವಿನಯದಿಂದ ಕೇಳಿತು. ಊಟದ ಹೊತ್ತು. ಹೊಟ್ಟೆ ಹಸಿದಿತ್ತು. ಹೂಂ ಎಂದು ಒತ್ತಿದೆ. ಕೆಂಪು ಚುಕ್ಕೆಗಳು ಮಂಗಮಾಯ! ಊಟ ಮುಗಿಸಿ ಬಂದು, ಇಷ್ಟು ಸುಲಭದ ಕೆಲಸಕ್ಕೆ ವಾರ ಯಾಕೆ ಬೇಕು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನಾಚಿಕೆಯಾಗುವುದು ಎಲ್ಲಿ ಎಂದರೆ, ಈ ತಪ್ಪನ್ನು ಬೇರೆ ಯಾರು ಮಾಡಿದ್ದರೂ ಕ್ಷಮಿಸಬಹುದಿತ್ತು. ನಮ್ಮ ಕಚೇರಿಯಲ್ಲೇ ನಾಲ್ಕು ಜನ ಮಹದೇವಸ್ವಾಮಿಗಳಿದ್ದೇವೆ. ಉದ್ದ ಮಹದೇವಸ್ವಾಮಿ, ಬಿಲ್ಲು ಮಹದೇವಸ್ವಾಮಿ, ಕುದೇರು ಮಹದೇವಸ್ವಾಮಿ, ಮತ್ತೆ ನಾನು, ನಕ್ಷೆ ಮಹದೇವಸ್ವಾಮಿ. ಮಾದಪ್ಪನ ಸೀಮೆಯಲ್ಲಿ ಹುಟ್ಟಿದ ಮೇಲೆ ಇದು ಇದ್ದದ್ದೇ. ಆದರೆ ಯಾರೂ ಇವತ್ತಿನವರೆಗೆ ನಮ್ಮನ್ನು ಒಂದುಗೂಡಿಸಿ ಒಬ್ಬನನ್ನೇ ಉಳಿಸಿಕೊಂಡಿಲ್ಲ. ಹೆಸರು ಒಂದಾದರೆ ಆಳು ಒಂದಲ್ಲ ಎಂದು ಗೊತ್ತಿರಬೇಕಾದವನು ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ನಾನು. ಅಂಥ ನಾನೇ ಊರೂರಿನ ಮಾರಿಗುಡಿ ಟಿಸಿಗಳನ್ನೆಲ್ಲ ಪಟ್ಟಿಯಲ್ಲಿ ಮೊದಲಿದ್ದ, ಚಾಮರಾಜನಗರದ ಹತ್ತಿರದ ಉಡಿಗಾಲದ ಮಾರಿಗುಡಿ ಟಿಸಿಯೊಳಕ್ಕೆ ಸೇರಿಸಿ ಕೈ ತೊಳೆದುಕೊಂಡಿದ್ದೆ.

ಒಂದು ದಿನ ಉಡಿಗಾಲದಲ್ಲಿ ಲೈನು ದುರಸ್ತಿಗೆಂದು ಕರೆಂಟು ತೆಗೆಯುವವರಿದ್ದರು. ನಾಳೆ ನಿಮ್ಮ ಊರಿನಲ್ಲಿ ವಿದ್ಯುತ್ ಇರುವುದಿಲ್ಲ ಎಂಬ ಮೆಸೇಜು ಭೀಮನಬೀಡಿಗೂ ಹೋಯಿತು. ಪವಿತ್ರ ಪಾಪ, ಭಾವನ ಮಾತು ವೇದವಾಕ್ಯ ಎಂದುಕೊಂಡು, ಮೊಟ್ಟೆಗಳ ಸಮೇತ ಮಿಷನ್ನನ್ನು ಕಂಬಳಿಯಲ್ಲಿ ಸುತ್ತಿ, ಗೂಡ್ಸ್ ಆಟೋದಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಗುಂಡ್ಲುಪೇಟೆಯ ಗೆಳತಿಯ ಮನೆಗೆ ಹೋದಳು. ಅಲ್ಲಿ ಪ್ಲಗ್ಗು ಹಾಕಿದ ಸ್ವಲ್ಪ ಹೊತ್ತಿಗೆ ಗುಂಡ್ಲುಪೇಟೆಯ ಕರೆಂಟು ಹೋಯಿತು. ಕಂಬಳಿಯ ಬಿಸಿಯಲ್ಲಿ ಮೊಟ್ಟೆ ಉಳಿದದ್ದೇ ಪುಣ್ಯ. ಇತ್ತ ಭೀಮನಬೀಡಿನಲ್ಲಿ ಸಂಜೆಯವರೆಗೂ ಫ್ಯಾನು ಗಿರ್ರೆಂದು ತಿರುಗುತ್ತಿತ್ತಂತೆ. ಫೋನು ಮಾಡಿದಳು. ನಾನು ಗಂಭೀರವಾಗಿ, "ಸರ್ವರ್ ತೊಂದರೆ ಕಣಮ್ಮಿ, ಮೆಸೇಜು ಕಳಿಸೋರು ಎಡವಟ್ಟು ಮಾಡವ್ರೆ" ಎಂದೆ. ನಿಜ ಹೇಳಬೇಕೆಂದರೆ ಹಾಗೆಯೇ ನಂಬಿದ್ದೆ ಕೂಡ. ನಕ್ಷೆಯನ್ನು ಒಂದು ಸಲ ತೆರೆದು ನೋಡೋಣ ಎಂದು ನನಗೆ ಅನ್ನಿಸಲೇ ಇಲ್ಲ.

ಮುಂದಿನ ವಾರ ಭೀಮನಬೀಡಿನಲ್ಲೇ ಕರೆಂಟು ತೆಗೆದರು. ಮೆಸೇಜು ಬರಲಿಲ್ಲ. ಪವಿತ್ರ ಬಟ್ಟೆ ಒಗೆದು ಬರುವ ಹೊತ್ತಿಗೆ ಮಿಷನ್ನು ತಣ್ಣಗಾಗುತ್ತಿತ್ತು. ಹುಡುಗಿ ಮೊಟ್ಟೆಗಳ ಮುಂದೆ ಕೂತು ಗೊಳೋ ಎಂದು ಅತ್ತಳಂತೆ. ಅತ್ತೆ ಮಾತ್ರ ಅಳುತ್ತಾ ಕೂರಲಿಲ್ಲ. "ಕಾವು ಕೂತ ಕೋಳಿ ಯಾರ ಮನೇಲವೆ ಏಳ್ರೇ" ಎಂದು ಕೂಗುತ್ತಾ ಬೀದಿಗಿಳಿದರು. ಬೀದಿಯ ಹೆಂಗಸರು ಕುಕ್ಕೆಯೊಳಗೆ ಕೂತಿದ್ದ ಕೋಳಿಗಳನ್ನು ಕುಕ್ಕೆಯ ಸಮೇತ ಎತ್ತಿ ತಂದರು. ಒಂದೊಂದರ ಹೊಟ್ಟೆಯ ಕೆಳಗೂ ಹಿಡಿಸುವಷ್ಟು ಮೊಟ್ಟೆ ತಳ್ಳಿದರು. ಹೊಸ ತಂತ್ರಾಂಶದ ಹಾಗೆ ಯಾರ ಮೊಟ್ಟೆ, ಎಲ್ಲಿಂದ ಬಂತು ಎಂದು ಯಾವ ಕೋಳಿಯೂ ಕೇಳಲಿಲ್ಲ. ಮಿಷನ್ನಿನಲ್ಲಿ ಉಳಿದವು ಕೆಟ್ಟವು, ಕೋಳಿಗೆ ಸಿಕ್ಕಿದವು ಉಳಿದವು.

ಆ ಭಾನುವಾರ ಹೆಂಡತಿ ನನ್ನನ್ನು ಎಳೆದುಕೊಂಡು ಹೋದಳು. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಮಾವ ಯಾರ ಮೇಲೋ ರೇಗುತ್ತಿದ್ದರು. "ನಮ್ಮ ಅಳಿಮಯ್ಯನ್ನ ಅಂದ್ರೆ ಸುಮ್ಕಿರಕಿಲ್ಲ ಕಣ್ಲಾ! ಅವ್ರು ಸರ್‍ಯಾಗೇ ಮಾಡವ್ರೆ, ಸರ್ವರ್ ಅನ್ನೋನು ಕೆಡಿಸ್ಬುಟ್ಟವ್ನೆ!" ಮಾವ ಸರ್ವರನ್ನು ನಮ್ಮ ಕಚೇರಿಯ ಯಾವನೋ ಕುಡುಕ ನೌಕರನೆಂದು ತಿಳಿದಿದ್ದರು. ನಾನು ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಅಂಗಡಿ ದಾಟಿದೆ.

ಮನೆಯಲ್ಲಿ ಪವಿತ್ರ ಬೈಯಲಿಲ್ಲ. "ಭಾವ, ಆ ನಕ್ಷೇಲಿ ನಮ್ಮನೆ ತೋರ್ಸಿ" ಎಂದಳು, ಅಷ್ಟೇ. ಲ್ಯಾಪ್‌ಟಾಪು ತೆರೆದೆ. ಅವರ ಮನೆಯ ಮೀಟರು ಒತ್ತಿ, ಕರೆಂಟು ಎಲ್ಲಿಂದ ಬರುತ್ತಿದೆ ತೋರಿಸು ಎಂದು ಕೇಳಿದೆ. ಮನೆಯಿಂದ ಹೊರಟ ಗೆರೆ ಪಕ್ಕದ ಮಾರಿಗುಡಿಯ ಹತ್ತಿರವೂ ಸುಳಿಯದೆ, ಹೊಲ, ಕೆರೆ, ತೆರಕಣಾಂಬಿ ಎಲ್ಲವನ್ನೂ ದಾಟಿ, ಸೀದಾ ಉಡಿಗಾಲಕ್ಕೆ ಹೋಗಿ ನಿಂತಿತು. ಭೀಮನಬೀಡಿನ ಮಾರಿಗುಡಿ ಪಕ್ಕ ನಕ್ಷೆಯಲ್ಲಿ ಬಯಲು. ಅತ್ತೆ ಬಗ್ಗಿ ನೋಡಿದರು.

"ನಮ್ಮನೆ ತಂತಿ ಅಷ್ಟು ದೂರ ಯಾಕಪ್ಪ ಓಗದೆ? ನಮ್ಮ ಮಾರಮ್ಮನ ಟಿಸಿ ಎಲ್ಲಿ?"

ಸರ್ವರ್ ಎನ್ನಲು ಬಾಯಿ ತೆರೆದೆ. ಹೊರಗೆ ಮಾವ ಚಪ್ಪಲಿ ಬಿಡುತ್ತಿದ್ದ ಸದ್ದು ಕೇಳಿಸಿತು. "ನಾನೇ ತೆಗೆದುಬಿಟ್ಟೆ ಅತ್ತೆ" ಎಂದೆ.  ಅತ್ತೆ ಒಳಗೆ ಹೋದರು. ಆ ಮನೆಯಲ್ಲಿ ಅಳಿಯ ಬಂದರೆ ಕೋಳಿ ಕೊಯ್ಯದೆ ಇದ್ದದ್ದೇ ಇಲ್ಲ. ಅವತ್ತು ಹುರುಳಿ ಸಾರು. "ಕೋಳಿಯೆಲ್ಲ ಕಾವಿಗೆ ಕೂತವೆ" ಎಂದರು ಅತ್ತೆ, ಮೆತ್ತಗೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ತಲೆ ಎತ್ತದೆ ಎರಡು ಮುದ್ದೆ ನುಂಗಿದೆ.

ಚಾಮರಾಜನಗರಕ್ಕೆ ಮರಳಿ ಮೊದಲು ಸಾಹೇಬರ ಬಾಯಿಂದ ಬೈಸಿಕೊಂಡು, ಆಮೇಲೆ ಒಂದೊಂದೇ ಊರಿನ ಮಾರಮ್ಮನನ್ನು ಅವಳವಳ ಗುಡಿಗೆ ತಲುಪಿಸಿದೆ. ಈ ಸಲ ಪ್ರತಿ ಟಿಸಿಯ ಹೆಸರಿನ ಹಿಂದೆ ಊರಿನ ಹೆಸರು ಸೇರಿಸಿದೆ. ಕೆಲಸ ಮುಗಿಯುವ ಹೊತ್ತಿಗೆ ಕೋಳಿಗಳು ಮರಿ ಮಾಡಿದ್ದವು. ನೋಡಲು ಹೋದೆ. ಮರಿಗಳು ಬೀದಿಯಲ್ಲಿ ತಂತಮ್ಮ ಸಾಕುತಾಯಂದಿರ ಹಿಂದೆ ಓಡಾಡುತ್ತಿದ್ದವು. ಅರ್ಧಕ್ಕರ್ಧ ಉಳಿದಿದ್ದವು. ಮಾವ ಇನ್ನೊಂದು ಸಲ ಮೊಟ್ಟೆ ಇಡಲು ಒಪ್ಪಿದ್ದರು, ಬ್ಯಾಟರಿ ಮಾತ್ರ ಇನ್ನೂ ಬರಬೇಕಿತ್ತು. ಮಿಷನ್ನಿನಲ್ಲಿ ಹೊಸ ಮೊಟ್ಟೆಗಳು ಕೂತಿದ್ದವು.

ಸಂಜೆ ಮನೆಯ ಮೊಬೈಲುಗಳೆಲ್ಲ ಒಟ್ಟಿಗೆ ಟಿಣ್ ಎಂದವು. ನಾಳೆ ಬೆಳಿಗ್ಗೆ ಹತ್ತರಿಂದ ನಿಮ್ಮ ಊರಿನಲ್ಲಿ ವಿದ್ಯುತ್ ಇರುವುದಿಲ್ಲ. ಎಲ್ಲರೂ ಮೊಬೈಲು ನೋಡಿ, ಆಮೇಲೆ ನನ್ನನ್ನು ನೋಡಿದರು.

"ಭಾವ, ಇದು ನಮ್ಮೂರ್ದಾ, ಉಡಿಗಾಲದ್ದಾ?" ಎಂದಳು ಪವಿತ್ರ.

"ನಿಮ್ಮೂರ್ದೇ ಕಣಮ್ಮಿ, ಮಾರಮ್ಮನಾಣೆ" ಎಂದೆ. ಅವಳು ಹೂಂ ಎಂದಳು, ನಂಬಿದ ಹಾಗೆ ಕಾಣಲಿಲ್ಲ. ಬೆಳಗಾಗುತ್ತಲೇ ಅತ್ತೆ ಬೀದಿಯಲ್ಲಿ ಹೊಸದಾಗಿ ಕಾವಿಗೆ ಕೂತ ಕೋಳಿಗಳನ್ನು ವಿಚಾರಿಸಿಕೊಂಡು ಬರಲು ಹೋದರು.

ನಾನು ರಜೆ ಹಾಕಿ ಉಳಿದುಕೊಂಡೆ. ಹತ್ತಕ್ಕೆ ಮುಂಚೆಯೇ ನಡುಮನೆಯ ಫ್ಯಾನಿನ ಕೆಳಗೆ ಕೂತು ಅದನ್ನೇ ದಿಟ್ಟಿಸತೊಡಗಿದೆ. ಹತ್ತಾಯಿತು. ಫ್ಯಾನು ತಿರುಗುತ್ತಿತ್ತು. ಪವಿತ್ರ ಬಾಗಿಲಿಗೆ ಒರಗಿ ನಿಂತಿದ್ದಳು. ಕರೆಂಟಿನ ಅನ್ನ ತಿನ್ನುವ ನಾನು, ತಾಯಿ, ಹೇಗಾದರೂ ಮಾಡಿ ಕರೆಂಟು ತೆಗಿಯವ್ವ, ನಿನ್ನ ಗುಡಿಗೆ ಹಣ್ಣುಕಾಯಿ ಮಾಡಿಸುತ್ತೇನೆ ಎಂದು ಹರಕೆ ಹೊತ್ತೆ. ಕೊನೆಗೂ ಫ್ಯಾನು ನಿಧಾನವಾಯಿತು, ನಿಂತಿತು. ಬೀದಿಯಲ್ಲಿ ಯಾರೋ ಕರೆಂಟಿನವರ ವಂಶವನ್ನೆಲ್ಲ ಬೈದರು. ನಾನೊಬ್ಬನೇ "ಹೋಯ್ತು! ಹೋಯ್ತು!" ಎಂದು ಚಪ್ಪಾಳೆ ತಟ್ಟಿದೆ. ಕುಕ್ಕೆಗಳು ಆಗಲೇ ಬಾಗಿಲಿಗೆ ಬಂದಿದ್ದವು. ಮೊಟ್ಟೆಗಳು ಒಂದೊಂದಾಗಿ ಕೋಳಿಗಳ ಕೆಳಗೆ ಸೇರಿದವು.

"ಸರಿ ಭಾವ, ತಿರುಗಾ ಯಾವಾಗ ಬತ್ತದೆ?" ಎಂದಳು ಪವಿತ್ರ.

"ಗೊತ್ತಿಲ್ಲ ಕಣಮ್ಮಿ" ಎಂದೆ.

ಆ ಮನೆಯಲ್ಲಿ ನಾನು ಇದುವರೆಗೆ ಆಡಿರುವ ಮಾತುಗಳಲ್ಲಿ, ಈಗ ಅವಳು ಮರುಪ್ರಶ್ನೆಯಿಲ್ಲದೆ ನಂಬುವುದು ಅದೊಂದನ್ನೇ.